ಹಳೆಯ ಇಂಗ್ಲಿಷ್ ಪದಗಳ ಅರ್ಥ ತಪ್ಪದೆ ಹಿಡಿಯುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಶೇಕ್ಸ್‌ಪಿಯರ್ ನಾಟಕವನ್ನೋ, ಜೇನ್ ಆಸ್ಟಿನ್ ಕಾದಂಬರಿಯನ್ನೋ, 1611ರ ಕಿಂಗ್ ಜೇಮ್ಸ್ ಬೈಬಲನ್ನೋ ಮೂಲದಲ್ಲೇ ಓದಲು ಕೂತವರು ಗೊತ್ತಿಲ್ಲದ ಪದ ಬಂದರೆ ಹೇಗೋ ದಾಟಿಕೊಳ್ಳುತ್ತಾರೆ. ನಿಘಂಟು ತೆಗೆಯುತ್ತಾರೆ, ಅರ್ಥ ಸಿಗುತ್ತದೆ. ಎಡವುವುದು ಗೊತ್ತಿದೆ ಎಂದುಕೊಂಡ ಪದದಲ್ಲಿ. ‘ಲೆಟ್’, ‘ನೈಸ್’, ‘ಪ್ರೆಸೆಂಟ್ಲಿ’, ‘ಕಾರ್ನ್’ ಇಂಥವನ್ನು ಯಾರೂ ನಿಘಂಟಿನಲ್ಲಿ ಹುಡುಕುವುದಿಲ್ಲ. ಹುಡುಕದೆ ಓದಿದ ಮೇಲೆ ಇಡೀ ವಾಕ್ಯವೇ ತಲೆಕೆಳಗಾಗಿರುತ್ತದೆ.

ಇನ್ನೊಂದು ತೊಂದರೆ ಕ್ರಮದ್ದು. ಹೆಚ್ಚಿನವರು ನೇರವಾಗಿ ನಿಘಂಟಿನಿಂದ ಶುರು ಮಾಡುತ್ತಾರೆ. ನಿಘಂಟು ನಾಲ್ಕನೆಯ ಹಂತ. ಅದಕ್ಕೆ ಮೊದಲು ಮಾಡಬೇಕಾದ ಮೂರು ಕೆಲಸ ಬಿಟ್ಟರೆ ಎಷ್ಟು ಒಳ್ಳೆಯ ನಿಘಂಟಿದ್ದರೂ ತಪ್ಪು ಅರ್ಥವನ್ನೇ ಆರಿಸಿಕೊಳ್ಳುತ್ತೀರಿ.

ಮೊದಲೇ ಹೊಂದಿಸಿಕೊಳ್ಳಬೇಕಾದ್ದು

ಟಿಪ್ಪಣಿಗಳಿರುವ ಮುದ್ರಣ ಒಂದು ಬೇಕು. ಶೇಕ್ಸ್‌ಪಿಯರ್‌ಗೆ ಆರ್ಡೆನ್, ಆಕ್ಸ್‌ಫರ್ಡ್, ಫೋಲ್ಜರ್ ಯಾವುದಾದರೂ ಸರಿ. ಬರೀ ಪಠ್ಯವಿರುವ ಅಗ್ಗದ ಪ್ರತಿಯಲ್ಲಿ ಕಲಿಯಲು ಹೋಗಬೇಡಿ.

ನಿಘಂಟುಗಳಲ್ಲಿ ಮುಖ್ಯವಾದದ್ದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಕಾಲೇಜು ಮಕ್ಕಳು ಕೊಳ್ಳುವ ಒಂದೇ ಸಂಪುಟದ ಆಕ್ಸ್‌ಫರ್ಡ್ ಬೇರೆ, ಇದು ಬೇರೆ. 1884ರಿಂದ 1928ರವರೆಗೆ ಕಂತುಕಂತಾಗಿ ಹೊರಬಂದ, 1989ರ ಎರಡನೆಯ ಆವೃತ್ತಿಯಲ್ಲಿ 20 ಸಂಪುಟವಾದ ದೊಡ್ಡ ನಿಘಂಟು. ಪ್ರತಿ ಅರ್ಥದ ಕೆಳಗೂ ಇಸವಿ ಸಮೇತ ಉದಾಹರಣೆ ವಾಕ್ಯಗಳಿರುತ್ತವೆ. ನಮಗೆ ಬೇಕಾದ್ದು ಆ ಇಸವಿಗಳೇ. ಚಂದಾ ಇಲ್ಲದವರಿಗೆ ಮೊದಲ ಆವೃತ್ತಿಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಶೇಕ್ಸ್‌ಪಿಯರ್ ಒಬ್ಬನಿಗೇ ಆದರೆ ಅಲೆಕ್ಸಾಂಡರ್ ಶ್ಮಿಟ್‌ನ ಲೆಕ್ಸಿಕನ್ ಸಾಕು, ಅದೂ ಉಚಿತ. 18ನೆಯ ಶತಮಾನದ ಗದ್ಯಕ್ಕೆ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಂದ ನಿಘಂಟು. ಇಂಡಿಯಾದಲ್ಲಿದ್ದ ಇಂಗ್ಲಿಷರ ಬರಹಕ್ಕೆ 1886ರ ಹಾಬ್ಸನ್-ಜಾಬ್ಸನ್.

ಫೋನಿನಲ್ಲಿ ಹುಡುಕಿದಾಗ ಮೊದಲು ಬರುವ ಅರ್ಥ, ಕಲಿಕೆಯ ನಿಘಂಟುಗಳು, ಇಂಗ್ಲಿಷ್-ಕನ್ನಡ ಕೈನಿಘಂಟುಗಳು ಈ ಕೆಲಸಕ್ಕೆ ಒದಗುವುದಿಲ್ಲ. ಅವು ಕೊಡುವುದು ಇವತ್ತಿನ ಅರ್ಥ.

ಹಂತ 1: ಪಠ್ಯದ ಕಾಲ ಗೊತ್ತು ಮಾಡಿಕೊಳ್ಳಿ

ಪುಟದ ಮೇಲ್ಭಾಗದಲ್ಲಿ ಕೃತಿ ಬರೆದ ಇಸವಿ ಗುರುತು ಹಾಕಿ. ಕಥೆ ನಡೆಯುವ ಕಾಲವನ್ನೂ ಬರೆದ ಕಾಲವನ್ನೂ ಬೆರೆಸಬೇಡಿ. ವಾಲ್ಟರ್ ಸ್ಕಾಟ್‌ನ ಐವನ್‌ಹೋ ನಡೆಯುವುದು 12ನೆಯ ಶತಮಾನದಲ್ಲಿ, ಅದರ ಭಾಷೆ 19ನೆಯ ಶತಮಾನದ ಲೇಖಕನೊಬ್ಬ ಹಳೆಯದರಂತೆ ಕಟ್ಟಿದ್ದು. ಅಲ್ಲಿನ ಪದಕ್ಕೆ ಮಧ್ಯಯುಗದ ಅರ್ಥ ಹಚ್ಚಿದರೆ ಕೆಲವೊಮ್ಮೆ ಸರಿಹೋಗುತ್ತದೆ, ಕೆಲವೊಮ್ಮೆ ಇಲ್ಲ.

ಶೇಕ್ಸ್‌ಪಿಯರ್‌ನ ಭಾಷೆಯನ್ನು ‘ಓಲ್ಡ್ ಇಂಗ್ಲಿಷ್’ ಎಂದು ಕರೆದು ಆ ಹೆಸರಿನ ನಿಘಂಟಿನಲ್ಲಿ ಹುಡುಕುವವರಿದ್ದಾರೆ. ಓಲ್ಡ್ ಇಂಗ್ಲಿಷ್ ಮುಗಿದದ್ದು ಸುಮಾರು 1100ರ ಹೊತ್ತಿಗೆ; ಕಲಿಯದೆ ಅದರ ಒಂದು ಸಾಲೂ ಓದಲಾಗದು. ಶೇಕ್ಸ್‌ಪಿಯರ್ ಸೇರುವುದು ಆಧುನಿಕ ಇಂಗ್ಲಿಷಿನ ಮೊದಲ ಘಟ್ಟಕ್ಕೆ.

ಹಳೆಯ ಮುದ್ರಣದ ಸ್ಕ್ಯಾನ್ ಓದುತ್ತಿದ್ದರೆ ಅಕ್ಷರಗಳ ಕಡೆಗೂ ಗಮನವಿರಲಿ. ಸುಮಾರು 1800ರವರೆಗೆ ಪದದ ಆದಿಯಲ್ಲೂ ನಡುವೆಯೂ ಬರುವ ‘ಎಸ್’ ಅಕ್ಷರವನ್ನು ಉದ್ದಕ್ಕೆ, ನೋಡಲು ‘ಎಫ್’ನಂತೆ ಅಚ್ಚು ಮಾಡುತ್ತಿದ್ದರು. ‘ಸೇಮ್’ ಎನ್ನುವುದು ‘ಫೇಮ್’ ಆಗಿ, ‘ಸೈಟ್’ ಎನ್ನುವುದು ‘ಫೈಟ್’ ಆಗಿ ಕಾಣುತ್ತದೆ; ಎರಡೂ ನಿಜವಾದ ಪದಗಳಾದ್ದರಿಂದ ತಪ್ಪು ಗೊತ್ತೇ ಆಗುವುದಿಲ್ಲ. ‘ಎಫ್’ನ ಅಡ್ಡಗೀಟು ಕಂಬವನ್ನು ದಾಟಿ ಎರಡೂ ಕಡೆ ಇರುತ್ತದೆ. ಉದ್ದ ‘ಎಸ್’ಗೆ ಎಡಗಡೆ ಒಂದು ಚೂರು ಮೊಳಕೆ ಮಾತ್ರ, ಕೆಲವು ಅಚ್ಚಿನಲ್ಲಿ ಅದೂ ಇಲ್ಲ. ಪದದ ಕೊನೆಯಲ್ಲಿ ಅದು ಬರುವುದೇ ಇಲ್ಲ. ಗೂಗಲ್ ಬುಕ್ಸ್‌ನಲ್ಲಿ 1800ಕ್ಕೆ ಹಿಂದಿನ ಪದ ಹುಡುಕುವಾಗ ಯಂತ್ರವೂ ಇದೇ ತಪ್ಪು ಮಾಡಿರುತ್ತದೆ. ‘ಎಫ್’ ಹಾಕಿಯೂ ಒಮ್ಮೆ ಹುಡುಕಿ. ಇನ್ನೂ ಹಿಂದಕ್ಕೆ, 17ನೆಯ ಶತಮಾನದ ಆರಂಭದ ಅಚ್ಚಿಗೆ ಹೋದರೆ ‘ಯು’ ಮತ್ತು ‘ವಿ’ ಅದಲುಬದಲು: ಪದದ ಮೊದಲಲ್ಲಿ ‘ವಿ’, ನಡುವೆ ‘ಯು’. ‘ಲವ್’ ಪದದಲ್ಲಿ ‘ಯು’ ಕಂಡರೆ ಅದು ಅಚ್ಚಿನ ತಪ್ಪಲ್ಲ.

ಹಂತ 2: ವ್ಯಾಕರಣದ ಪದಗಳನ್ನು ಮೊದಲು ಬಿಡಿಸಿಕೊಳ್ಳಿ

ಸರ್ವನಾಮ, ಕ್ರಿಯಾಪದದ ಕೊನೆ, ದಿಕ್ಕು ತೋರಿಸುವ ಪದ ಇವೆಲ್ಲ ಸೇರಿದರೂ ಒಂದು ಪುಟದಷ್ಟಿಲ್ಲ. ಒಮ್ಮೆ ಕಲಿತರೆ ಮತ್ತೆ ನಿಘಂಟು ಬೇಡ. ಇಲ್ಲಿ ಕನ್ನಡಿಗರಿಗೆ ಇವತ್ತಿನ ಇಂಗ್ಲಿಷರಿಗಿಂತ ದಾರಿ ಸುಲಭ.

‘ದೌ’ ಎಂದರೆ ನೀನು, ‘ದೀ’ ನಿನ್ನನ್ನು ಅಥವಾ ನಿನಗೆ, ‘ದೈ’ ನಿನ್ನ. ಮುಂದಿನ ಪದ ಸ್ವರದಿಂದ ಶುರುವಾದರೆ ‘ದೈ’ ಹೋಗಿ ‘ದೈನ್’ ಬರುತ್ತದೆ. ‘ಯೀ’ ಎಂದರೆ ನೀವು. ‘ದೌ’ ಜೊತೆ ಕ್ರಿಯಾಪದಕ್ಕೆ ‘ಎಸ್ಟ್’ ಅಥವಾ ‘ಟ್’ ಸೇರುತ್ತದೆ: ದೌ ಹ್ಯಾಸ್ಟ್, ದೌ ಶ್ಯಾಲ್ಟ್, ದೌ ವಿಲ್ಟ್. ‘ದೌ ಆರ್ಟ್’ನಲ್ಲಿರುವ ‘ಆರ್ಟ್’ ಕಲೆಯಲ್ಲ, ‘ಆರ್’ ಅಷ್ಟೇ. ‘ಎತ್’ ಬರುವುದು ಅವನು, ಅವಳು, ಅದು ಎಂಬುದಕ್ಕೆ ಮಾತ್ರ: ಹೀ ಗೋಎತ್, ಶೀ ಹ್ಯಾತ್.

‘ದೌ’ ಗೌರವದ ಪದ ಎಂಬ ತಪ್ಪು ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ದೇವರ ಪ್ರಾರ್ಥನೆಯಲ್ಲಿ ಕೇಳಿ ಕೇಳಿ ಹಾಗನ್ನಿಸುತ್ತದೆ. ದಾಸರೂ ಶರಣರೂ ದೇವರನ್ನು ‘ನೀನು’ ಎಂದೇ ಕರೆದದ್ದು ನೆನಪಿದ್ದರೆ ಸಾಕು, ಗೊಂದಲ ಬಿಡುತ್ತದೆ. 1603ರಲ್ಲಿ ಸರ್ ವಾಲ್ಟರ್ ರಾಲೀ ವಿಚಾರಣೆಯಲ್ಲಿ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ಆತನಿಗೆ ಬೇಕೆಂದೇ ‘ದೌ’ ಹಚ್ಚಿ ರಾಜದ್ರೋಹಿ ಎಂದ. ಏಕವಚನದಲ್ಲಿ ಬೈದ, ಅಷ್ಟೇ.

‘ಹಿದರ್, ದಿದರ್, ವಿದರ್’ ಎಂದರೆ ಇತ್ತ, ಅತ್ತ, ಎತ್ತ. ‘ಹೆನ್ಸ್, ದೆನ್ಸ್, ವೆನ್ಸ್’ ಎಂದರೆ ಇಲ್ಲಿಂದ, ಅಲ್ಲಿಂದ, ಎಲ್ಲಿಂದ. ಆದ್ದರಿಂದ ‘ಫ್ರಮ್ ವೆನ್ಸ್’ ಎನ್ನುವುದರಲ್ಲಿ ‘ಇಂದ’ ಎರಡು ಸಲ ಬಂದಂತಾಯಿತು. ಒಳ್ಳೆಯ ಲೇಖಕರೂ ಹಾಗೆ ಬರೆದಿದ್ದಾರೆ, ಗಾಬರಿಯಾಗಬೇಡಿ. ‘ಮಿಥಿಂಕ್ಸ್’ ಎಂಬುದರಲ್ಲಿ ‘ನಾನು’ ಕರ್ತೃವಲ್ಲ: ನನಗೆ ತೋರುತ್ತದೆ. ಹಾಗಾಗಿಯೇ ಅದಕ್ಕೆ ಕೊನೆಯಲ್ಲಿ ‘ಎಸ್’.

‘ವೇರ್‌ಫೋರ್’ ಎಂದರೆ ಏಕೆ. ಜೂಲಿಯೆಟ್ ಮೇಲುಪ್ಪರಿಗೆಯಲ್ಲಿ ನಿಂತು ರೋಮಿಯೋ ಎಲ್ಲಿದ್ದಾನೆಂದು ಹುಡುಕುತ್ತಿಲ್ಲ. ನೀನು ರೋಮಿಯೋ ಏಕಾದೆ ಎಂದು ಕೊರಗುತ್ತಿದ್ದಾಳೆ. ಮರುಸಾಲಿನಲ್ಲೇ ತಂದೆಯನ್ನು ಅಲ್ಲಗಳೆ, ನಿನ್ನ ಹೆಸರು ಬಿಡು ಎನ್ನುತ್ತಾಳೆ. ಆ ಸಾಲು ಓದಿಯೂ ‘ಎಲ್ಲಿ’ ಎಂದೇ ಹಿಡಿದುಕೊಂಡಿದ್ದರೆ ಮುಂದಿನ ವಾಕ್ಯದ ಜೊತೆ ಹೋಲಿಸಿ ನೋಡುವ ಅಭ್ಯಾಸ ಇನ್ನೂ ಬಂದಿಲ್ಲ ಎಂದರ್ಥ.

ಹಂತ 3: ಪರಿಚಿತ ಪದಗಳನ್ನೇ ಅನುಮಾನಿಸಿ

ಹೊತ್ತು ಕೊಡಬೇಕಾದ ಹಂತ ಇದು. ಪುಟವನ್ನು ಒಮ್ಮೆ ಓದಿ, ಅರ್ಥ ಗೊತ್ತಿದ್ದೂ ವಾಕ್ಯ ಸ್ವಲ್ಪ ಓರೆಯಾಗಿ ನಿಂತ ಕಡೆಯೆಲ್ಲ ಪೆನ್ಸಿಲ್ ಗೀಟು ಹಾಕಿ. ಪದ ಎಷ್ಟು ಸಣ್ಣದೋ ಅನುಮಾನ ಅಷ್ಟು ಹೆಚ್ಚಿರಲಿ.

1600ರ ಆಸುಪಾಸಿನ ಪಠ್ಯದಲ್ಲಿ: ‘ಪ್ರೆಸೆಂಟ್ಲಿ’ ಎಂದರೆ ಆಮೇಲೆ ಅಲ್ಲ, ಈಗಿಂದೀಗಲೇ. ‘ಸ್ಟಿಲ್’ ಹಲವೆಡೆ ಯಾವಾಗಲೂ. ‘ಫಾಂಡ್’ ಎಂದರೆ ಮರುಳು. ಕಿಂಗ್ ಲಿಯರ್ ತನ್ನನ್ನು ಹಾಗೆ ಕರೆದುಕೊಳ್ಳುವಾಗ ಪ್ರೀತಿಯ ಮಾತಾಡುತ್ತಿಲ್ಲ. ‘ನಾಟಿ’ ತುಂಟತನವಲ್ಲ, ದುಷ್ಟತನ. ‘ಬ್ರೇವ್’ ಧೈರ್ಯಕ್ಕೂ ಬರುತ್ತದೆ, ಸೊಗಸಿಗೂ ಬರುತ್ತದೆ. ಟೆಂಪೆಸ್ಟ್‌ನಲ್ಲಿ ಮಿರಾಂಡಾ ಹೇಳುವುದು ಸೊಗಸಾದ ಹೊಸ ಜಗತ್ತು ಎಂದು. ‘ಡೌಟ್’ ಎಂದರೆ ಇರಲಾರದು ಎಂಬ ಸಂಶಯ ಎಂದೇ ಹಿಡಿಯಬೇಡಿ, ಇರಬಹುದು ಎಂಬ ಶಂಕೆಯೂ ಆಗಬಹುದು. ಹ್ಯಾಮ್ಲೆಟ್ ಏನೋ ಮೋಸವಿದೆ ಎಂದು ಶಂಕಿಸುವಾಗ ಬಳಸುವುದು ಇದೇ ಪದವನ್ನು. ಇವತ್ತಿನ ಅರ್ಥ ಹಾಕಿದರೆ ಮೋಸವಿಲ್ಲ ಎಂದಾಗುತ್ತದೆ. ಪೂರ್ತಿ ಉಲ್ಟಾ.

ಕಿಂಗ್ ಜೇಮ್ಸ್ ಬೈಬಲಿನಲ್ಲಿ: ‘ಸಫರ್’ ಎಂದರೆ ಬಿಡು, ಆಗಗೊಡು, ಮಕ್ಕಳು ನನ್ನ ಬಳಿ ಬರಲಿ ಬಿಡಿ ಎನ್ನುವಲ್ಲಿ ನೋವಿನ ಮಾತಿಲ್ಲ. ‘ಪ್ರಿವೆಂಟ್’ ಎಂದರೆ ಮುಂದಾಗಿ ಹೋಗು. ‘ಕ್ವಿಕ್’ ಎಂದರೆ ಜೀವಂತ. ‘ಕಾನ್ವರ್ಸೇಶನ್’ ಎಂದರೆ ನಡತೆ. ‘ಮೀಟ್’ ಎಂದರೆ ಊಟ, ಆಹಾರ, ಮಾಂಸವೇ ಆಗಬೇಕಿಲ್ಲ. ‘ಕಾರ್ನ್’ ಎಂದರೆ ಧಾನ್ಯ. ರೂತಳು ಹಕ್ಕಲು ಆಯ್ದದ್ದು ಜವೆಗೋಧಿ ಕೊಯ್ಲಿನ ಹೊಲದಲ್ಲಿ. ಅಲ್ಲಿ ಮೆಕ್ಕೆಜೋಳ ಎಂದು ಬರೆದರೆ ಅಮೆರಿಕದ ಬೆಳೆಯನ್ನು ಬೆತ್ಲೆಹೇಮಿಗೆ ಒಯ್ದಂತೆ.

18-19ನೆಯ ಶತಮಾನದ ಕಾದಂಬರಿಯಲ್ಲಿ ಬಲೆ ಇನ್ನೂ ನಯವಾಗಿರುತ್ತದೆ, ಏಕೆಂದರೆ ಉಳಿದ ಭಾಷೆಯೆಲ್ಲ ಇವತ್ತಿನದರಂತೆಯೇ ಕಾಣುತ್ತದೆ. ‘ಡಿಸ್ಕವರ್’ ಎಂದರೆ ಹೊರಗೆಡಹು. ‘ವಾಂಟ್’ ಹಲವೆಡೆ ಇಲ್ಲದಿರುವುದು, ಕೊರತೆ. ‘ಮೇಕ್ ಲವ್’ ಎಂದರೆ ಒಲಿಸಿಕೊಳ್ಳುವ ಮಾತಾಡುವುದು. 1813ರ ಪ್ರೈಡ್ ಅಂಡ್ ಪ್ರೆಜುಡಿಸ್‌ನಲ್ಲಿ ಅಳಿಯ ವಿಕಮ್ ಮನೆಯವರೆಲ್ಲರೊಂದಿಗೂ ಅದನ್ನೇ ಮಾಡುತ್ತಾನೆ ಎಂದು ಮಾವ ನಗುತ್ತಾನೆ. ಅದೇ ಕಾದಂಬರಿಯಲ್ಲಿ ‘ಕ್ಯಾಂಡಿಡ್’ ಎಂದರೆ ಮುಖಕ್ಕೆ ಹೊಡೆದಂತೆ ನಿಜ ಹೇಳುವುದಲ್ಲ. ಎಲ್ಲರಲ್ಲೂ ಒಳ್ಳೆಯದನ್ನೇ ಕಂಡು ಕೆಟ್ಟದ್ದರ ಬಗ್ಗೆ ಬಾಯಿ ಬಿಡದಿರುವುದು. ಇದಕ್ಕೆ ನಿಘಂಟೂ ಬೇಡ. ನಾಲ್ಕನೆಯ ಅಧ್ಯಾಯದಲ್ಲಿ ಎಲಿಜಬೆತ್ ಅಕ್ಕ ಜೇನ್‌ಳನ್ನು ಹೊಗಳುತ್ತಾ ಪದವನ್ನು ಬಿಡಿಸಿಯೇ ಹೇಳುತ್ತಾಳೆ. ‘ಕಾಂಡಿಸೆನ್ಶನ್’ ಆ ಕಾಲಕ್ಕೆ ದೊಡ್ಡವರು ದೊಡ್ಡಸ್ತಿಕೆ ಬಿಟ್ಟು ನಡೆದುಕೊಳ್ಳುವ ಸೌಜನ್ಯ. ಕಾಲಿನ್ಸ್ ಎಂಬ ಪಾದ್ರಿ ಲೇಡಿ ಕ್ಯಾಥರೀನ್‌ಳಲ್ಲಿ ಅದನ್ನು ಕೊಂಡಾಡುವುದು ಮನಸಾರೆ. ಓದುಗರಿಗೆ ನಗು ಬರುವುದು ಬೇರೆ ಕಾರಣಕ್ಕೆ.

ಹಂತ 4: ಈಗ ನಿಘಂಟು

ಪದ ನಾಮಪದವೋ ಕ್ರಿಯಾಪದವೋ ವಾಕ್ಯ ನೋಡಿ ಮೊದಲೇ ನಿರ್ಧರಿಸಿ, ಆಮೇಲೆ ನಿಘಂಟು ತೆಗೆಯಿರಿ. ಒಂದೇ ಕಾಗುಣಿತಕ್ಕೆ ಬೇರೆ ಬೇರೆ ಮುಖ್ಯ ನಮೂದುಗಳಿದ್ದರೆ ಎಲ್ಲವನ್ನೂ ನೋಡಬೇಕು. ಮೊದಲನೆಯದರಲ್ಲೇ ನಿಂತುಬಿಡುವುದು ಪದೇ ಪದೇ ಆಗುವ ತಪ್ಪು.

‘ಲೆಟ್’ ಇದಕ್ಕೆ ಸರಿಯಾದ ಪರೀಕ್ಷೆ. ಭೂತದ ಹಿಂದೆ ಹೋಗದಂತೆ ಗೆಳೆಯರು ತಡೆದಾಗ ಹ್ಯಾಮ್ಲೆಟ್, ನನ್ನನ್ನು ‘ಲೆಟ್’ ಮಾಡುವವನನ್ನೇ ಭೂತ ಮಾಡಿಬಿಡುತ್ತೇನೆ ಎನ್ನುತ್ತಾನೆ. ಬಿಡುವವನನ್ನು ಕೊಲ್ಲುವುದೇಕೆ? ನಿಘಂಟಿನಲ್ಲಿ ಎರಡು ‘ಲೆಟ್’ಗಳಿವೆ, ಹುಟ್ಟೂ ಬೇರೆ ಬೇರೆ: ಒಂದಕ್ಕೆ ಬಿಡು, ಇನ್ನೊಂದಕ್ಕೆ ತಡೆ. ಎರಡನೆಯದು ಈಗ ಸತ್ತಿದೆ ಎನ್ನುತ್ತಾರೆ, ಪೂರ್ತಿ ಸತ್ತಿಲ್ಲ. ನಿಮ್ಮ ಪಾಸ್‌ಪೋರ್ಟ್ ತೆಗೆದು ರಾಷ್ಟ್ರಪತಿಗಳ ಹೆಸರಿನಲ್ಲಿರುವ ಕೋರಿಕೆ ಓದಿ: ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’. ಅಡ್ಡಿ ಆತಂಕವಿಲ್ಲದೆ ಹೋಗಗೊಡಿ ಎಂದು.

ಮುಂದೆ ಇಸವಿಗಳು. ನಿಮ್ಮ ಪಠ್ಯದ ಇಸವಿಗೆ ಹಿಂದೆಯೂ ಮುಂದೆಯೂ ಉದಾಹರಣೆ ಸಿಗುವ ಅರ್ಥವನ್ನು ಮೊದಲು ಪರಿಗಣಿಸಿ. ಪಠ್ಯ 1600ರದ್ದು, ಆ ಅರ್ಥದ ಮೊದಲ ಉದಾಹರಣೆ 1780ರದ್ದು ಎಂದರೆ ಪಕ್ಕಕ್ಕಿಡಿ. ಹತ್ತಿಪ್ಪತ್ತು ವರ್ಷದ ಅಂತರಕ್ಕೆ ತಲೆಕೆಡಿಸಿಕೊಳ್ಳಬೇಡಿ. ಬಾಯಲ್ಲಿದ್ದ ಮಾತು ಅಚ್ಚಿಗೆ ಬರಲು ಹೊತ್ತು ಹಿಡಿಯುತ್ತದೆ. ಆಕ್ಸ್‌ಫರ್ಡ್‌ನಲ್ಲಿ ಪಕ್ಕದಲ್ಲಿ ಕಠಾರಿಯ ಗುರುತಿದ್ದರೆ ಆ ಅರ್ಥ ಬಳಕೆ ತಪ್ಪಿದೆ ಎಂದು. ‘ಅಬ್ಸೊಲೀಟ್’ ಎಂದರೂ ಅದೇ. ‘ಆರ್ಕೇಯಿಕ್’ ಎಂದರೆ ಬೇಕೆಂದೇ ಹಳತರ ಬಣ್ಣಕ್ಕಾಗಿ ಈಗಲೂ ಬಳಸುತ್ತಾರೆ ಎಂದು. ಇವೆರಡರ ವ್ಯತ್ಯಾಸ ಆರನೆಯ ಹಂತದಲ್ಲಿ ಬೇಕಾಗುತ್ತದೆ.

ವ್ಯುತ್ಪತ್ತಿಯನ್ನು ನಂಬಿ ಅರ್ಥ ಹೇಳುವುದು ಓದಿದವರೇ ಬೀಳುವ ಹಳ್ಳ. ‘ನೈಸ್’ ಬಂದದ್ದು ಅಜ್ಞಾನಿ ಎಂಬ ಲ್ಯಾಟಿನ್ ಪದದಿಂದ, ಇಂಗ್ಲಿಷಿನಲ್ಲಿ ಮೊದಲು ದಡ್ಡ ಎಂದೇ ಅರ್ಥವಿತ್ತು, ನಿಜ. ಆದರೆ ಆಸ್ಟಿನ್ ಕಾಲಕ್ಕೆ ಅದು ಸೂಕ್ಷ್ಮ, ಅಚ್ಚುಕಟ್ಟು ಎಂಬುದನ್ನೂ ದಾಟಿ ‘ಚೆನ್ನಾಗಿದೆ’ ಎಂಬಲ್ಲಿಗೆ ಬಂದಿತ್ತು.

ಹಂತ 5: ವಾಕ್ಯದಲ್ಲಿ ಕೂಡಿಸಿ ನೋಡಿ

ಆರಿಸಿದ ಅರ್ಥವನ್ನು ಪದವಿದ್ದ ಜಾಗದಲ್ಲಿಟ್ಟು ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ಆಮೇಲೆ ಹಿಂದಿನ ಎರಡು ವಾಕ್ಯ, ಮುಂದಿನ ಎರಡು ವಾಕ್ಯದೊಡನೆ ಹೊಂದುತ್ತದೆಯೇ ನೋಡಿ.

ಮಾರ್ಕನ ಸುವಾರ್ತೆ 6ನೆಯ ಅಧ್ಯಾಯದ 25ನೆಯ ವಚನ ತೆಗೆದುಕೊಳ್ಳಿ. ಹೆರೋದ್ಯಳ ಮಗಳು ಅರಸನ ಮುಂದೆ ಬಂದು ಯೋಹಾನನ ತಲೆ ಕೇಳುತ್ತಾಳೆ. ಅವಳ ಮಾತಿನಲ್ಲಿ ಮೂರು ಬಲೆಗಳಿವೆ. ‘ಐ ವಿಲ್’ ಎಂದು ಶುರುಮಾಡುತ್ತಾಳೆ. ಭವಿಷ್ಯತ್ಕಾಲವೆಂದರೆ ವಾಕ್ಯ ಕೂಡುವುದಿಲ್ಲ, ‘ನನಗೆ ಬೇಕು’ ಎಂದರೆ ಕೂಡುತ್ತದೆ. ‘ಬೈ ಅಂಡ್ ಬೈ’ ಇವತ್ತಿಗೆ ನಿಧಾನವಾಗಿ, ಆಮೇಲೆ. ಆದರೆ ಅವಳು ಅವಸರದಿಂದ ಒಳಗೆ ಬಂದವಳು, ಎರಡೇ ವಚನದ ಮುಂದೆ ಅರಸ ತಕ್ಷಣ ಕೊಲೆಗಾರನನ್ನು ಕಳಿಸುತ್ತಾನೆ. ಆದ್ದರಿಂದ ಅರ್ಥ ‘ಈಗಲೇ’. ಕೊನೆಗೆ ‘ಚಾರ್ಜರ್’: ಫೋನಿನದಂತೂ ಅಲ್ಲ, ಯುದ್ಧದ ಕುದುರೆಯೂ ಅಲ್ಲ. 28ನೆಯ ವಚನದಲ್ಲಿ ತಲೆಯನ್ನು ಅದರೊಳಗಿಟ್ಟು ತಂದುಕೊಡುತ್ತಾರೆ. ಹರಿವಾಣ. ಮೂರನ್ನೂ ಸೇರಿಸಿದರೆ: ‘ಯೋಹಾನನ ತಲೆ ಈಗಲೇ ಹರಿವಾಣದಲ್ಲಿ ಬೇಕು ನನಗೆ.’

ಕೂಡಿಸಿದ ಮೇಲೂ ವಾಕ್ಯ ಎಳೆದಾಡಿದಂತಿದ್ದರೆ, ಪಾತ್ರ ಇದ್ದಕ್ಕಿದ್ದಂತೆ ಸ್ವಭಾವಕ್ಕೆ ವಿರುದ್ಧ ಮಾತಾಡಿದರೆ, ಗಂಭೀರ ಸಂದರ್ಭದಲ್ಲಿ ನಗು ಬಂದರೆ ನಾಲ್ಕನೆಯ ಹಂತಕ್ಕೆ ವಾಪಸು ಹೋಗಿ. ಲೇಖಕನೇ ತಪ್ಪು ಬರೆದಿರಬೇಕು ಅನ್ನಿಸಿದರೆ ಇನ್ನೂ ದೊಡ್ಡ ಎಚ್ಚರಿಕೆ.

ಹಂತ 6: ಆ ಪದವೇ ಏಕೆ ಬಂತು

ಅರ್ಥ ಸಿಕ್ಕ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಪದ ಬರೆದವನ ಕಾಲಕ್ಕೇ ಹಳೆಯದಾಗಿತ್ತೇ, ಅಥವಾ ನಮಗೆ ಮಾತ್ರ ಹಳೆಯದೇ?

ಹ್ಯಾಮ್ಲೆಟ್‌ನ ‘ದೌ’ ಆ ಕಾಲಕ್ಕೆ ದಿನಬಳಕೆಯದು. ಆದ್ದರಿಂದ ಅಲ್ಲಿ ನೋಡಬೇಕಾದ್ದು ಹಳಮೆಯನ್ನಲ್ಲ, ಯಾರು ಯಾರಿಗೆ ಯಾವಾಗ ಬದಲಿಸಿದರು ಎಂಬುದನ್ನು. ಮೂರನೆಯ ಅಂಕದ ನಾಲ್ಕನೆಯ ದೃಶ್ಯದಲ್ಲಿ ತಾಯಿ ಗರ್ಟ್ರೂಡ್ ಮಗನನ್ನು ‘ದೌ’ ಎಂದು ಗದರುತ್ತಾಳೆ, ನಿನ್ನ ತಂದೆಯ ಮನಸ್ಸು ನೋಯಿಸಿದೆ ಎಂದು. ಮಗ ‘ಯೂ’ ಎಂದು ಅದೇ ಮಾತನ್ನು ತಿರುಗಿಸುತ್ತಾನೆ. ಮರುಮಾತಿನಲ್ಲೇ ತಾಯಿಯೂ ‘ಯೂ’ಗೆ ಜಿಗಿಯುತ್ತಾಳೆ. ಸಿಟ್ಟು ಬಂದ ಅಮ್ಮ ಮಗನಿಗೆ ‘ಆಯ್ತಪ್ಪ, ನೀವು ದೊಡ್ಡವರು’ ಅಂದರೆ ನಮಗೆ ಏನು ಕೇಳಿಸುತ್ತದೋ ಅದೇ. ಆದರೆ ಈ ಸೂತ್ರವನ್ನು ಕಿಂಗ್ ಜೇಮ್ಸ್ ಬೈಬಲಿಗೆ ಹಚ್ಚಬೇಡಿ. ಅಲ್ಲಿ ‘ದೌ’ ಬರೀ ಸಂಖ್ಯೆಯ ಲೆಕ್ಕ, ಒಬ್ಬನಾದರೆ ‘ದೌ’. ಅರಸನಿಗೂ ಆಳಿಗೂ ಒಂದೇ.

ಬೇಕೆಂದೇ ಹಳತನ್ನು ಎಳೆದು ತಂದವರೂ ಇದ್ದಾರೆ. ಕವಿ ಎಡ್ಮಂಡ್ ಸ್ಪೆನ್ಸರ್ 1590ರಲ್ಲೇ ತನಗಿಂತ ಎರಡು ಶತಮಾನ ಹಿಂದಿನ ಪದಗಳನ್ನು ಬಳಸಿದ. ಇದು ಯಾವ ಭಾಷೆಯೂ ಅಲ್ಲ ಎಂದು ನಾಟಕಕಾರ ಬೆನ್ ಜಾನ್ಸನ್ ಮೂಗು ಮುರಿದ. ಕೋಲ್‌ರಿಜ್ 1798ರ ನಾವಿಕನ ಕವಿತೆಯ ಶೀರ್ಷಿಕೆಯ ಕಾಗುಣಿತವನ್ನೂ ಹಳೆಯ ರೀತಿಯಲ್ಲಿಟ್ಟು, 1800ರ ಆವೃತ್ತಿಯಲ್ಲಿ ಅಂಥದ್ದೆಷ್ಟೋ ತೆಗೆದುಹಾಕಿದ. ಆಮೇಲೂ ಉಳಿದ ‘ಎಫ್ಟ್‌ಸೂನ್ಸ್’, ಅಂದರೆ ಒಡನೆಯೇ ಎಂಬಂಥ ಪದಗಳು ಕಥೆಯನ್ನು ದೂರದ ಕಾಲದ ಲಾವಣಿಯ ಹಾಗೆ ಕೇಳಿಸಲಿಕ್ಕೆ ನಿಂತಿವೆ.

ಹಳತನ್ನು ತಪ್ಪಾಗಿ ಎಳೆದು ತಂದದ್ದೂ ಉಂಟು. 18ನೆಯ ಶತಮಾನದಲ್ಲಿ ಹದಿಹರೆಯದ ಥಾಮಸ್ ಚಾಟರ್ಟನ್ ಮಧ್ಯಯುಗದ ಪಾದ್ರಿಯೊಬ್ಬನ ಹೆಸರಿನಲ್ಲಿ ಕವಿತೆ ಕಟ್ಟುವಾಗ ‘ಸ್ಲಗ್‌ಹಾರ್ನ್’ ಎಂಬ ಪದವನ್ನು ಕಹಳೆ ಎಂದು ಬಳಸಿದ. ಅದು ಯುದ್ಧಘೋಷ ಎಂಬ ಅರ್ಥದ ‘ಸ್ಲೋಗನ್’ ಪದದ ಹಳೆಯ ಕಾಗುಣಿತ ಅಷ್ಟೇ. ‘ಹಾರ್ನ್’ ಕಂಡು ವಾದ್ಯವೆಂದುಕೊಂಡ. 1855ರಲ್ಲಿ ಬ್ರೌನಿಂಗ್ ತನ್ನ ಚೈಲ್ಡ್ ರೋಲೆಂಡ್ ಕವಿತೆಯ ಕೊನೆಯಲ್ಲಿ ನಾಯಕನ ತುಟಿಗೆ ಅದನ್ನೇ ಇಟ್ಟು ಊದಿಸಿದ. ಇಂಥ ಕಡೆ ನಿಘಂಟಿನ ‘ಸರಿ’ ಅರ್ಥ ತುರುಕಬೇಡಿ. ಕವಿ ಏನೆಂದುಕೊಂಡಿದ್ದನೋ ಅದೇ ಅಲ್ಲಿನ ಅರ್ಥ.

ಪದ್ಯದಲ್ಲಿ ಛಂದಸ್ಸೂ ಕಾರಣವಾಗಿರಬಹುದು. ‘ಓವರ್’ ಎರಡು ಸಿಲಬಲ್, ‘ಓರ್’ ಒಂದು. ‘ಬಿಫೋರ್’ ಎರಡು, ‘ಏರ್’ ಒಂದು. ಹತ್ತು ಸಿಲಬಲ್ಲಿನ ಸಾಲಿನಲ್ಲಿ ಒಂದು ಹೆಚ್ಚಾದಾಗಲೋ ಕಡಿಮೆಯಾದಾಗಲೋ ಇವು ಬರುತ್ತವೆ. ‘ಬ್ಯಾನಿಶ್ಡ್’ ಎಂಬುದನ್ನು ರೋಮಿಯೋ ಕೆಲವೆಡೆ ‘ಬ್ಯಾನಿಶೆಡ್’ ಎಂದು ಬಿಡಿಸಿ ಹೇಳಬೇಕು; ಸಂಪಾದಕರು ಆ ‘ಇ’ ಮೇಲೆ ಗೀಟು ಹಾಕಿರುತ್ತಾರೆ. ಇಂಥವಕ್ಕೆ ಗೂಢಾರ್ಥ ಹುಡುಕುತ್ತಾ ಪರೀಕ್ಷೆಯಲ್ಲಿ ಅರ್ಧ ಪುಟ ಬರೆಯಬೇಡಿ.

ನಮ್ಮ ಕಡೆಯ ಹಳೆಯ ಇಂಗ್ಲಿಷ್ ದಾಖಲೆಗಳು

ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ ಸುತ್ತಿ 1807ರಲ್ಲಿ ಪ್ರಕಟಿಸಿದ ಪ್ರವಾಸವರದಿಯನ್ನೋ ಗೆಜೆಟಿಯರುಗಳನ್ನೋ ಓದುವವರಿಗೆ ಆಕ್ಸ್‌ಫರ್ಡ್ ಒಂದೇ ಸಾಲದು, ಹಾಬ್ಸನ್-ಜಾಬ್ಸನ್ ಪಕ್ಕದಲ್ಲಿರಲಿ. ಅಲ್ಲಿ ‘ಟ್ಯಾಂಕ್’ ಎಂದರೆ ಕೆರೆ, ‘ಚೌಲ್ಟ್ರಿ’ ಎಂದರೆ ಛತ್ರ, ‘ಕಚ್ಚೆರಿ’ ಕಚೇರಿ. ಬೆಲೆಯ ಪಕ್ಕ ‘ಪಗೋಡ’ ಬಂದರೆ ದೇವಸ್ಥಾನವಲ್ಲ, ವರಹ. ‘ಫನಂ’ ಎಂದರೆ ಹಣ ಎಂಬ ನಾಣ್ಯ. ‘ರೈಟರ್’ ಸಾಹಿತಿಯಲ್ಲ, ಕಂಪನಿಯ ಕಿರಿಯ ಗುಮಾಸ್ತ. ‘ಗ್ರಿಫಿನ್’ ಪುರಾಣದ ಪ್ರಾಣಿಯಲ್ಲ, ಆಗತಾನೇ ಹಡಗಿಳಿದ ಬಿಳಿಯ. ಪದ ವಿಚಿತ್ರವಾಗಿ ಕಂಡರೆ ಒಮ್ಮೆ ಗಟ್ಟಿಯಾಗಿ ಓದಿ; ಎಷ್ಟೋ ಸಲ ಒಳಗಿಂದ ಕನ್ನಡವೋ ಪಾರ್ಸಿಯೋ ಕೇಳಿಸುತ್ತದೆ.

ಕನ್ನಡಕ್ಕೆ ತರುವಾಗ, ಸ್ವಂತ ಬರೆಯುವಾಗ

ಅನುವಾದಕರು ‘ದೌ’ ಕಂಡೊಡನೆ ಹಳಗನ್ನಡಕ್ಕೆ ಇಳಿಯಬೇಕಿಲ್ಲ. ಮೂಲದ ಓದುಗರಿಗೆ ಮಾಮೂಲಾಗಿದ್ದ ಪದಕ್ಕೆ ಮಾಮೂಲು ಕನ್ನಡವೇ ಸರಿ. ಹ್ಯಾಮ್ಲೆಟ್ ‘ನೀಂ’ ಎನ್ನಬೇಕಾಗಿಲ್ಲ. ಸ್ಪೆನ್ಸರ್, ಕೋಲ್‌ರಿಜ್ ಥರ ಮೂಲದಲ್ಲೇ ಹಳತಾಗಿದ್ದರೆ ಮಾತ್ರ ಕನ್ನಡದಲ್ಲೂ ಒಂದೆರಡು ಹಳೆಯ ಪದ ಹಾಕಿ. ಪ್ರತಿ ಸಾಲಿಗೂ ಬೇಡ.

ನಾಟಕಕ್ಕೋ ಆಮಂತ್ರಣಪತ್ರಕ್ಕೋ ನೀವೇ ಹಳೆಯ ಇಂಗ್ಲಿಷ್ ಬರೆಯುವುದಿದ್ದರೆ ‘ಎತ್’ ಬಾಲವನ್ನು ಕಂಡಕಂಡ ಕ್ರಿಯಾಪದಕ್ಕೆ ಅಂಟಿಸಬೇಡಿ. ‘ಐ ಗೋಎತ್’ ತಪ್ಪು, ‘ದೌ ಗೋಎತ್’ ತಪ್ಪು, ‘ದೇ ಗೋಎತ್’ ಕೂಡ ತಪ್ಪು. ಅಂಗಡಿ ಫಲಕದ ‘ಯೀ ಓಲ್ಡ್’ನಲ್ಲಿರುವುದು ‘ನೀವು’ ಎಂಬ ‘ಯೀ’ ಅಲ್ಲ. ‘ದ’ಕಾರಕ್ಕಿದ್ದ ಹಳೆಯ ಅಕ್ಷರವೊಂದರ ಬದಲು ಮುದ್ರಕರು ‘ವೈ’ ಅಚ್ಚುಮೊಳೆ ಬಳಸಿದ್ದರಿಂದ ಹಾಗೆ ಕಾಣುತ್ತದೆ. ಓದುವಾಗ ‘ದಿ’ ಎಂದೇ ಓದಬೇಕು.